ಇಂಡಕ್ಷನ್, ಇನ್‌ಫ್ರಾರೆಡ್, ಕಾಯಿಲ್, ರೈಸ್ ಕುಕ್ಕರ್: ಬಳ್ಳಾರಿ–ರಾಯಚೂರು–ಕೊಪ್ಪಳ ಕಡೆಯ ಮನೆಗೆ ಯಾವ ಕರೆಂಟ್ ಒಲೆ?

ಕರೆಂಟ್ ಒಲೆ ಕೇಳಿಕೊಂಡು ಹೋದರೆ ಅಂಗಡಿಯವರ ಮೊದಲ ಪ್ರಶ್ನೆ, "ಎಷ್ಟು ವ್ಯಾಟ್‌ದು ಬೇಕ್ರಿ?" ಇದರ ಉತ್ತರ ನಿಮ್ಮ ಮನೆಯಲ್ಲೇ ಇದೆ. ಅಡುಗೆಮನೆಯ ಪ್ಲಗ್ ಎಂಥದ್ದು, ಸಂಜೆ ಏಳರ ಹೊತ್ತಿಗೆ ವೋಲ್ಟೇಜ್ ಎಷ್ಟಿರುತ್ತದೆ, ದಿನಾ ಒಲೆ ಮೇಲೆ ಏರುವುದು ಅನ್ನವೋ ರೊಟ್ಟಿಯೋ. ಈ ಮೂರು ಗೊತ್ತಿಲ್ಲದೆ ಕೊಂಡ ಒಲೆ ಎರಡು ತಿಂಗಳಲ್ಲಿ ಅಟ್ಟ ಸೇರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಜೋಳದ ರೊಟ್ಟಿ ದಿನಾ ಬಡಿಯುವ ಮನೆಯಲ್ಲಿ ಗ್ಯಾಸ್ ಪೂರ್ತಿ ಬಿಡುವ ಯೋಚನೆ ಬೇಡ. ಅನ್ನ, ಬೇಳೆ, ಚಹಾ, ಹಾಲು, ಬಿಸಿನೀರು ಕರೆಂಟ್‌ಗೆ ಹೋಗಲಿ. ರೊಟ್ಟಿ, ಹೋಳಿಗೆ, ಮಿರ್ಚಿ ಗ್ಯಾಸ್ ಮೇಲೇ ಇರಲಿ. ಮುಂದೆ ಓದುವುದನ್ನೆಲ್ಲ ಈ ಹಂಚಿಕೆ ತಲೆಯಲ್ಲಿಟ್ಟುಕೊಂಡೇ ಓದಿ.

ಮೊದಲು ಗೋಡೆ ನೋಡಿ, ಆಮೇಲೆ ಒಲೆ

ಸ್ವಿಚ್‌ಬೋರ್ಡ್‌ನಲ್ಲಿ ಎರಡು ಬಗೆಯ ಸಾಕೆಟ್ ಇರುತ್ತವೆ. ಮೊಬೈಲ್ ಚಾರ್ಜರ್, ಮಿಕ್ಸಿ ಹಾಕುವ ಸಣ್ಣದು 6 ಆಂಪ್. ಗೀಸರ್‌ಗೆ ಇರುವಂಥ ದಪ್ಪ ರಂಧ್ರದ್ದು 16 ಆಂಪ್. 230 ವೋಲ್ಟ್ ಇದ್ದಾಗ 1200 ವ್ಯಾಟ್‌ನ ಒಲೆ ಸುಮಾರು 5.2 ಆಂಪ್ ಎಳೆಯುತ್ತದೆ, 2000 ವ್ಯಾಟ್‌ನದು 8.7 ಆಂಪ್. ಅಂದರೆ ದೊಡ್ಡ ಒಲೆಯನ್ನು ಸಣ್ಣ ಸಾಕೆಟ್‌ಗೆ ಹಾಕುವಂತೆಯೇ ಇಲ್ಲ. ಆದರೂ ಮೂವತ್ತು ರೂಪಾಯಿಯ ಕನ್ವರ್ಟರ್ ಪ್ಲಗ್ ತಂದು ಹಾಕುತ್ತಾರೆ. ಸುಡುವುದು ಒಲೆಯಲ್ಲ, ಆ ಕನ್ವರ್ಟರ್. ಒಳಗಿನ ಹಿತ್ತಾಳೆ ಪತ್ರೆ ಸಡಿಲವಾಗಿ, ಸಡಿಲಾದ ಕಡೆ ಕಿಡಿ ಹಾರಿ, ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ, ಕೊನೆಗೆ ಸಾಕೆಟ್ಟೂ ಕರಗುತ್ತದೆ. ಮೀನು ಕೊಳೆತಂಥ ಇಲ್ಲವೇ ಸುಟ್ಟ ಪ್ಲಾಸ್ಟಿಕ್‌ನ ವಾಸನೆ ಬಂದರೆ ಮೊದಲು ಮೇನ್ ಆಫ್ ಮಾಡಿ.

16 ಆಂಪ್ ಸಾಕೆಟ್ ಇದ್ದರೂ ಅದರ ಹಿಂದಿನ ವೈರ್ ಯಾವುದು ಎಂದು ಕೇಳಬೇಕು. ಬೇಕಾದದ್ದು 2.5 ಚದರ ಮಿಲಿಮೀಟರ್‌ನ ತಾಮ್ರದ ವೈರ್, ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಬೋರ್ಡಿನಿಂದ ನೇರವಾಗಿ ಬಂದದ್ದು, ಅದಕ್ಕೇ ಬೇರೆ 16 ಆಂಪ್ ಎಂಸಿಬಿ. ಹಳೆಯ ಮನೆಗಳಲ್ಲಿ ಬಲ್ಬಿನ ಲೈನಿನಿಂದಲೇ 1 ಚದರ ಮಿಲಿಮೀಟರ್ ವೈರ್ ಎಳೆದು ದೊಡ್ಡ ಸಾಕೆಟ್ ಕೂರಿಸಿರುತ್ತಾರೆ. ಭಾಗ್ಯಜ್ಯೋತಿ, ಕುಟೀರಜ್ಯೋತಿ ಸಂಪರ್ಕದ ಮನೆಗಳಲ್ಲಿ ವೈರಿಂಗ್ ದೀಪ, ಫ್ಯಾನಿಗಷ್ಟೇ ಲೆಕ್ಕ ಹಾಕಿದ್ದು. ಅಲ್ಲಿ ಹೊಸ ಲೈನ್ ಎಳೆಸದೆ 700 ವ್ಯಾಟ್ ದಾಟುವ ಯಾವುದನ್ನೂ ಹಾಕಬೇಡಿ. ಹೊಸ ಲೈನ್, ಸಾಕೆಟ್, ಎಂಸಿಬಿ ಸೇರಿ ಆಗುವ ಖರ್ಚನ್ನು ಒಲೆಯ ಬೆಲೆಗೆ ಕೂಡಿಸಿಯೇ "ಅಗ್ಗ" ಎನ್ನಬೇಕು.

ಅರ್ಥಿಂಗ್ ವಿಷಯದಲ್ಲಿ ನಮ್ಮ ಕಡೆಯದೇ ಒಂದು ತೊಂದರೆ ಇದೆ. ಏಪ್ರಿಲ್, ಮೇ ಬಂತೆಂದರೆ ಅರ್ಥ್ ಗುಂಡಿಯ ಮಣ್ಣು ಒಣಗಿ ಬಿರಿಯುತ್ತದೆ, ಅರ್ಥ್ ಇದ್ದೂ ಇಲ್ಲದಂತಾಗುತ್ತದೆ. ಸ್ಟೀಲ್ ಪಾತ್ರೆ ಮುಟ್ಟಿದರೆ ಜುಂ ಎನ್ನುವುದು ಬಹುಪಾಲು ಇದರಿಂದಲೇ. ಬೇಸಿಗೆಯಲ್ಲಿ ವಾರಕ್ಕೆರಡು ಸಲ ಗುಂಡಿಗೆ ಒಂದು ಕೊಡ ನೀರು ಹಾಕಿ. 30 ಮಿಲಿ ಆಂಪ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್, ಹಾಕಿಸಿದರೆ ಇನ್ನೂ ಒಳ್ಳೆಯದು.

ಇನ್ನು ವೋಲ್ಟೇಜ್. ಶಕ್ತಿನಗರದಲ್ಲಿ, ಕುಡತಿನಿಯಲ್ಲಿ, ಯರಮರಸ್‌ನಲ್ಲಿ ಇಡೀ ರಾಜ್ಯಕ್ಕೆ ಕರೆಂಟ್ ತಯಾರಾಗುತ್ತದೆ. ಹತ್ತಾರು ಮೈಲಿ ಆಚೆಯ ಊರಿನ ಕೊನೆ ಓಣಿಯಲ್ಲಿ ಸಂಜೆ ಟ್ಯೂಬ್‌ಲೈಟ್ ಮಿಣುಕುತ್ತದೆ. ಟ್ರಾನ್ಸ್‌ಫಾರ್ಮರ್‌ನಿಂದ ಮನೆ ದೂರ ಇದ್ದಷ್ಟೂ ಈ ಕುಸಿತ ಜಾಸ್ತಿ. ಎಲೆಕ್ಟ್ರಿಷಿಯನ್ ಹತ್ತಿರ ಮಲ್ಟಿಮೀಟರ್ ಇಸಿದುಕೊಂಡು ಬೆಳಿಗ್ಗೆ ಆರೂವರೆಗೆ, ಸಂಜೆ ಏಳೂವರೆಗೆ, ಅಂದರೆ ನೀವು ಅಡುಗೆ ಮಾಡುವ ಹೊತ್ತಿಗೇ ಅಳೆಯಿರಿ. ಮಧ್ಯಾಹ್ನ ಅಳೆದು ಪ್ರಯೋಜನವಿಲ್ಲ.

ತಂತಿ ಕಾಯಿಸುವ ಯಾವುದೇ ಉಪಕರಣದ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ವೋಲ್ಟ್‌ನಲ್ಲಿ 2000 ವ್ಯಾಟ್ ಕೊಡುವ ಕಾಯಿಲ್ ಒಲೆ 180 ವೋಲ್ಟ್‌ನಲ್ಲಿ ಕೊಡುವುದು ಬರೀ 1225 ವ್ಯಾಟ್. 160ಕ್ಕೆ ಇಳಿದರೆ 970. ಒಲೆ ಕೆಟ್ಟಿಲ್ಲ, ನಿಧಾನವಾಗಿದೆ ಅಷ್ಟೇ. ಇಂಡಕ್ಷನ್ ಹಾಗಲ್ಲ. ಒಳಗಿನ ಸರ್ಕ್ಯೂಟ್ ಒಂದು ಮಟ್ಟದ ಕೆಳಗೆ ಕೆಲಸವನ್ನೇ ನಿಲ್ಲಿಸಿ ಎರರ್ ತೋರಿಸುತ್ತದೆ. ಆ ಮಟ್ಟ ಕಂಪನಿಯಿಂದ ಕಂಪನಿಗೆ ಬೇರೆ. ಜತೆಗೆ ಬರುವ ಪುಸ್ತಕದಲ್ಲಿ ಬರೆದಿರುತ್ತದೆ, ಡಬ್ಬಿ ಬಿಚ್ಚಿಸಿ ಓದಿ. ಸಂಜೆ 180ಕ್ಕಿಂತ ಕೆಳಗೆ ಇಳಿಯುವ ಮನೆಯವರು ಇಂಡಕ್ಷನ್‌ಗೆ ಕೈ ಹಾಕುವ ಮುಂಚೆ ಎರಡು ಸಲ ಯೋಚಿಸಿ. ಸ್ಟೆಬಿಲೈಸರ್ ಹಾಕಿದರಾಯಿತು ಎನ್ನುವವರಿದ್ದಾರೆ. 2000 ವ್ಯಾಟ್ ತಡೆಯುವ ಸ್ಟೆಬಿಲೈಸರ್ ಒಲೆಗಿಂತ ದುಬಾರಿ, ಆ ಲೆಕ್ಕ ಕೂಡಿ ಬರುವುದಿಲ್ಲ. ಮನೆಯ ಇನ್ವರ್ಟರ್ ಮೇಲಂತೂ ಯಾವ ಒಲೆಯನ್ನೂ ಇಡಬೇಡಿ: 150 ಆಂಪ್-ಅವರ್‌ನ ಬ್ಯಾಟರಿ ತುಂಬಿದ್ದಾಗ ಇರುವುದೇ 1.8 ಯೂನಿಟ್, ಅದರಲ್ಲಿ ಅರ್ಧವನ್ನಷ್ಟೇ ಬಳಸುವುದು ಬ್ಯಾಟರಿಗೆ ಕ್ಷೇಮ.

ಇಂಡಕ್ಷನ್: ವೇಗದಲ್ಲಿ ಮುಂದು, ಪಾತ್ರೆಯಲ್ಲಿ ಮಡಿವಂತ

ಗಾಜಿನ ಕೆಳಗೆ ತಾಮ್ರದ ತಂತಿಯ ಚಪ್ಪಟೆ ಸುರುಳಿ ಇರುತ್ತದೆ. ಅದರಲ್ಲಿ ಕರೆಂಟ್ ಸೆಕೆಂಡಿಗೆ ಇಪ್ಪತ್ತು ಸಾವಿರ ಸಲಕ್ಕೂ ಹೆಚ್ಚು ದಿಕ್ಕು ಬದಲಿಸುತ್ತದೆ, ಮೇಲಿಟ್ಟ ಪಾತ್ರೆಯ ತಳದ ಕಬ್ಬಿಣಾಂಶದಲ್ಲೇ ಕರೆಂಟ್ ಹುಟ್ಟಿ ತಳ ಕಾಯುತ್ತದೆ. ಒಲೆಗೆ ಸ್ವಂತ ಬಿಸಿ ಇಲ್ಲ. ಗಾಜು ಕಾಯುವುದು ಪಾತ್ರೆಯಿಂದ. ಹೀಗಾಗಿ ನೂರಕ್ಕೆ ಸುಮಾರು 85 ಪಾಲು ಶಾಖ ಅಡುಗೆಗೇ ಸೇರುತ್ತದೆ. ಗ್ಯಾಸ್‌ನಲ್ಲಿ ಇದು 60ರ ಆಸುಪಾಸು, ಉಳಿದದ್ದು ಅಡುಗೆಮನೆ ಕಾಯಿಸುತ್ತದೆ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇರುವಾಗ, ತಲೆ ಮೇಲೆ ಫ್ಯಾನ್ ಹಾಕಿಕೊಂಡೇ ಚಹಾ ಕಾಯಿಸಬಹುದು ಎನ್ನುವ ಒಂದೇ ಕಾರಣಕ್ಕೆ ಇಂಡಕ್ಷನ್ ಕೊಳ್ಳುವವರನ್ನು ತಪ್ಪು ಎನ್ನಲಾಗದು.

ವೇಗದ ಲೆಕ್ಕ: 30 ಡಿಗ್ರಿಯ ಒಂದು ಲೀಟರ್ ನೀರು ಕುದಿಯಲು ಸುಮಾರು 0.1 ಯೂನಿಟ್ ಬೇಕು. 1200 ವ್ಯಾಟ್‌ನಲ್ಲಿ 5 ನಿಮಿಷ, 1800ರಲ್ಲಿ ಮೂರೂವರೆ. ಈ ಒಂದೂವರೆ ನಿಮಿಷಕ್ಕಾಗಿ ಹೊಸ ವೈರಿಂಗ್ ಮಾಡಿಸಬೇಕೇ? ಮೂರು–ನಾಲ್ಕು ಜನರ ಮನೆಗೆ, ಬಾಡಿಗೆ ರೂಮಿಗೆ 1200 ವ್ಯಾಟ್‌ನ, 6 ಆಂಪ್ ಪ್ಲಗ್ ಜತೆಗೇ ಬರುವ ಒಲೆ ಸಾಕು. ಬೆಲೆ 1,500ರಿಂದ 2,200ರ ಒಳಗೆ. ಐದು ಲೀಟರಿನ ಕುಕ್ಕರ್ ದಿನಾ ಇಡುವವರು, 16 ಆಂಪ್ ಲೈನ್ ಸರಿಯಾಗಿ ಇರುವವರು 1800–2000ಕ್ಕೆ ಹೋಗಲಿ. ಅದಕ್ಕೆ 2,000ದಿಂದ 3,500.

ಪಾತ್ರೆಯ ಪರೀಕ್ಷೆಗೆ ಒಂದು ಅಯಸ್ಕಾಂತ ಜೇಬಿನಲ್ಲಿರಲಿ. ತಾಮ್ರ, ಹಿತ್ತಾಳೆ, ಬರೀ ಅಲ್ಯೂಮಿನಿಯಂ, ಮಣ್ಣಿನ ಗಡಿಗೆ ನಡೆಯುವುದಿಲ್ಲ. ಸ್ಟೀಲ್ ಬೋಗುಣಿಗಳಲ್ಲೂ ಎಲ್ಲವೂ ಹಿಡಿಯುವುದಿಲ್ಲ, ಅಡುಗೆಗೆ ಒಳ್ಳೆಯದೆಂದು ಹೆಸರಾದ 304 ದರ್ಜೆಯ ಸ್ಟೀಲ್‌ಗೆ ಅಯಸ್ಕಾಂತ ಅಂಟುವುದೇ ಇಲ್ಲ. ಅಂಟಿದರೂ ತಳದ ನಡುವೆ ಮಾತ್ರವೋ ಅಂಚಿನವರೆಗೂ ಅಂಟುತ್ತದೆಯೋ ನೋಡಿ. ಅಲ್ಯೂಮಿನಿಯಂ ಕುಕ್ಕರ್‌ನ ತಳಕ್ಕೆ ತೂತು ತೂತಿನ ಸಣ್ಣ ಸ್ಟೀಲ್ ಬಿಲ್ಲೆ ಒತ್ತಿ "ಇಂಡಕ್ಷನ್ ಬೇಸ್" ಎಂದು ಮಾರುವುದುಂಟು. ಅದು ನಡುವೆ ಕುದಿಸಿ ಸುತ್ತ ತಣ್ಣಗಿಡುತ್ತದೆ. ಇನ್ನೊಂದು, ತಳಕ್ಕೆ ಸ್ಕೇಲ್ ಅಡ್ಡ ಹಿಡಿದು ನೋಡಿ. ಹಳೆಯ ಕುಕ್ಕರ್‌ಗಳ ತಳ ಗ್ಯಾಸ್ ಮೇಲೆ ಉಬ್ಬಿರುತ್ತದೆ. ಉಬ್ಬಿದ ತಳ ಗಾಜಿನ ಮೇಲೆ ಬುಗುರಿಯಂತೆ ತಿರುಗುತ್ತದೆ, ಗಾಜಿನ ಕೆಳಗಿನ ಉಷ್ಣ ಸೆನ್ಸರ್‌ಗೆ ಸರಿಯಾದ ಬಿಸಿ ತಿಳಿಯುವುದಿಲ್ಲ. ಪಾತ್ರೆಗಳನ್ನೆಲ್ಲ ಹೊಸದಾಗಿ ಕೊಳ್ಳಬೇಕಾಗಿ ಬಂದರೆ 1,800 ರೂಪಾಯಿಯ ಒಲೆ 5,000ದ ಒಲೆಯಾಗುತ್ತದೆ. ನಡುವೆ ಇಡುವ ಕಬ್ಬಿಣದ ಅಡಾಪ್ಟರ್ ತಟ್ಟೆ ಕೊಂಡು ಹಣ ಕಳೆಯಬೇಡಿ. ಅದು ಮೊದಲು ತಾನು ಕಾದು, ಆಮೇಲೆ ಪಾತ್ರೆ ಕಾಯಿಸಿ, ಇಂಡಕ್ಷನ್‌ನ ಲಾಭವನ್ನೆಲ್ಲ ತಿನ್ನುತ್ತದೆ.

ಸಣ್ಣ ಉರಿ ಇಲ್ಲಿ ನಿಜವಾದ ಸಣ್ಣ ಉರಿಯಲ್ಲ. ಅಗ್ಗದ ಒಲೆಗಳಲ್ಲಿ 300 ವ್ಯಾಟ್ ಒತ್ತಿದರೆ ಒಲೆ ಕೆಲವು ಸೆಕೆಂಡ್ 1000 ವ್ಯಾಟ್ ಕೊಟ್ಟು, ಕೆಲವು ಸೆಕೆಂಡ್ ನಿಂತು, ಮತ್ತೆ ಕೊಡುತ್ತದೆ. ಹಾಲು ಇಟ್ಟು ನೋಡಿ: ಕೆನೆ ಸುಮ್ಮನೆ ಇದ್ದದ್ದು ಒಮ್ಮೆಲೇ ಮೇಲೆದ್ದು, ನೀವು ಕೈ ಚಾಚುವಷ್ಟರಲ್ಲಿ ಇಳಿದು, ಮುಂದಿನ ಸಲಕ್ಕೆ ಉಕ್ಕಿ ಗಾಜಿನ ಮೇಲಿರುತ್ತದೆ. ತೆಳು ತಳದ ಬೋಗುಣಿಯಲ್ಲಿ ಶೇಂಗಾ ಹುರಿದರೆ ನಡುವಿನ ಕಾಳು ಕಪ್ಪು, ಅಂಚಿನದು ಹಸಿ. ದಪ್ಪ ತಳದ ಪಾತ್ರೆ ಬಳಸಿದರೆ ಈ ಏರಿಳಿತ ಮುಚ್ಚಿಹೋಗುತ್ತದೆ. ಅಂಗಡಿಯಲ್ಲಿ ಅರ್ಧ ಲೀಟರ್ ನೀರು ಕುದಿಸಿ, ಕನಿಷ್ಠ ಮಟ್ಟಕ್ಕೆ ಇಳಿಸಿ ಒಂದು ನಿಮಿಷ ನೋಡಿ. ಗುಳ್ಳೆ ಬಿಡದೆ ಬರುತ್ತಿದ್ದರೆ ಒಳ್ಳೆಯ ಒಲೆ.

ಕುಕ್ಕರ್ ಇಡುವ ರೀತಿಯೂ ಬದಲಾಗಬೇಕು. ಪೂರ್ತಿ ಉರಿಯಲ್ಲೇ ಬಿಟ್ಟರೆ ಸೀಟಿ ಮೇಲೆ ಸೀಟಿ ಬಂದು ತಳ ಹಿಡಿಯುತ್ತದೆ, ಏಕೆಂದರೆ ಒತ್ತಡ ಬೇಗ ಏರಿತೆಂದು ಬೇಳೆ ಬೇಗ ಬೇಯುವುದಿಲ್ಲ. 1200ರಲ್ಲಿ ಮೊದಲ ಸೀಟಿ ಬರಲಿ, ನಂತರ 600–800ಕ್ಕೆ ಇಳಿಸಿ 8–10 ನಿಮಿಷ ಬಿಡಿ. ಸೀಟಿ ಎಣಿಸುವ ಬದಲು ಗಡಿಯಾರ ನೋಡಿ.

ಜೋಳದ ರೊಟ್ಟಿ ಏಕೆ ಆಗುವುದಿಲ್ಲ ಎಂದು ಕೇಳುವವರಿಗೆ: ನಮ್ಮ ಕಬ್ಬಿಣದ ಹಂಚು ನಡುವೆ ತಗ್ಗು, ಅದರ ಬೆನ್ನು ಉಬ್ಬು. ಗಾಜಿಗೆ ತಾಗುವುದು ರೂಪಾಯಿ ಅಗಲದಷ್ಟು ಜಾಗ. ಸಪಾಟ ಹಂಚು ತಂದರೂ ಕೆಳಗಿನ ಸುರುಳಿಯಷ್ಟೇ ಅಗಲ ಕಾಯುತ್ತದೆ, ಹತ್ತು ಇಂಚಿನ ರೊಟ್ಟಿಯ ಅಂಚು ಹಸಿಯಾಗಿ ಉಳಿಯುತ್ತದೆ. ರೊಟ್ಟಿಗೆ ಬೇಕಾದ ಬಿಸಿಯಲ್ಲಿ ಒಣ ಹಂಚನ್ನು ಐದು ನಿಮಿಷ ಬಿಟ್ಟರೆ ಸೆನ್ಸರ್ ಹೆದರಿ ಒಲೆ ನಿಲ್ಲಿಸುತ್ತದೆ. ಮೇಲಾಗಿ ನೀರು ಸವರಿ ಮಗುಚಿದ ರೊಟ್ಟಿಯನ್ನು ಕೊನೆಗೆ ಉಬ್ಬಿಸಲು ಉರಿ ಬೇಕಲ್ಲ, ಅದು ಇಲ್ಲಿಲ್ಲ. ಎರಡು ಚಪಾತಿ, ನಾಲ್ಕು ದೋಸೆಗೆ ಅಡ್ಡಿಯಿಲ್ಲ. ಮನೆಮಂದಿಗೆಲ್ಲ ರೊಟ್ಟಿ ಬಡಿಯಲು ಇದು ಒಲೆಯಲ್ಲ.

ಕೆಡುವುದು ಹೇಗೆ? ಮೊದಲ ಶತ್ರು ಧೂಳು ಮತ್ತು ಒಗ್ಗರಣೆಯ ಎಣ್ಣೆ ಹೊಗೆ. ಒಲೆಯ ಕೆಳಗಿನ ಫ್ಯಾನ್ ಗಾಳಿ ಎಳೆದು ಐಜಿಬಿಟಿ ಎಂಬ ಮುಖ್ಯ ಬಿಡಿಭಾಗವನ್ನು ತಣ್ಣಗಿಡುತ್ತದೆ. ಸಂಡೂರು, ತೋರಣಗಲ್ಲು ಕಡೆಯ ಕೆಂಧೂಳು ಎಣ್ಣೆಗೆ ಅಂಟಿ ಫ್ಯಾನ್ ರೆಕ್ಕೆ ಮೇಲೆ ಪದರ ಕಟ್ಟಿದರೆ ಗಾಳಿ ನಿಲ್ಲುತ್ತದೆ. ಬೇಸಿಗೆಯಲ್ಲಿ ಹತ್ತು ನಿಮಿಷ ಉರಿದು ತಾನೇ ಆರುವ ಒಲೆಗಳ ಕಥೆ ಬಹುಪಾಲು ಇದೇ. ತಿಂಗಳಿಗೊಮ್ಮೆ ಪ್ಲಗ್ ತೆಗೆದು ಕೆಳಗಿನ ಜಾಲಿಯನ್ನು ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಒಣಗಿದ್ದಂತೆಯೇ ಉಜ್ಜಿ. ಗೋಡೆಗೆ ನಾಲ್ಕು ಬೆರಳಗಲ ಜಾಗ ಬಿಡಿ, ಕೆಳಗೆ ಪ್ಲಾಸ್ಟಿಕ್ ಹಾಳೆ, ಪೇಪರ್ ಹಾಸಬೇಡಿ, ಫ್ಯಾನ್ ಅದನ್ನೇ ಎಳೆದುಕೊಳ್ಳುತ್ತದೆ. ಎರಡನೆಯ ಶತ್ರು ಜಿರಲೆ. ಬೆಚ್ಚಗಿನ ಜಾಗ ಹುಡುಕಿ ಒಳಗೆ ಸೇರಿ ಸರ್ಕ್ಯೂಟ್ ಮೇಲೆ ಸತ್ತು ಶಾರ್ಟ್ ಮಾಡುತ್ತದೆ. ಮೂರನೆಯದು ಕರೆಂಟ್ ಹೋಗಿ ಬಂದಾಗಿನ ಹೊಡೆತ. ಕರೆಂಟ್ ಹೋದ ತಕ್ಷಣ ಪ್ಲಗ್‌ನ ಸ್ವಿಚ್ ಆಫ್ ಮಾಡಿ, ಬಂದು ಎರಡು ನಿಮಿಷವಾದ ಮೇಲೆ ಹಾಕಿ. ಒಮ್ಮೆಲೇ ಫ್ಯೂಸ್ ಹಾರಿ ಒಲೆ ಸತ್ತರೆ ಫ್ಯೂಸ್ ಮಾತ್ರ ಹೋಗಿರುವುದಿಲ್ಲ, ಐಜಿಬಿಟಿ, ರೆಕ್ಟಿಫೈಯರ್ (ಎಸಿ ಕರೆಂಟನ್ನು ಡಿಸಿ ಮಾಡುವ ಭಾಗ) ಎರಡೂ ನೋಡಬೇಕು. ಬರೀ ಫ್ಯೂಸ್ ಬದಲಿಸಿದರೆ ಅದೂ ಅಲ್ಲೇ ಹಾರುತ್ತದೆ.

ಟಚ್ ಪ್ಯಾನೆಲ್‌ಗಿಂತ ಒತ್ತುವ ಬಟನ್ ಇರುವುದೇ ವಾಸಿ. ಒದ್ದೆ ಕೈಗೆ, ಹಿಟ್ಟಿನ ಕೈಗೆ ಟಚ್ ಮಾತು ಕೇಳುವುದಿಲ್ಲ. ಗಾಜು ಸೀಳಿದ ಒಲೆಯನ್ನು ಸೆಲ್ಲೋಟೇಪ್ ಹಚ್ಚಿ ಬಳಸಬೇಡಿ, ಸೀಳಿನಿಂದ ಇಳಿದ ನೀರು ನೇರ ಕರೆಂಟ್ ಇರುವ ಸುರುಳಿಗೆ ಹೋಗುತ್ತದೆ. ಮನೆಯಲ್ಲಿ ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರಿದ್ದರೆ ಕೊಳ್ಳುವ ಮುಂಚೆ ಅವರ ಡಾಕ್ಟರ್‌ನ್ನು ಕೇಳಿ.

ಇನ್‌ಫ್ರಾರೆಡ್

ನೋಡಲು ಇಂಡಕ್ಷನ್‌ನಂತೆಯೇ. ಆದರೆ ಗಾಜಿನ ಕೆಳಗೆ ಕೆಂಪಗೆ ಕಾಯುವ ತಂತಿ ಇದೆ. ಯಾವ ಪಾತ್ರೆಯಾದರೂ ಸೈ: ಹಿತ್ತಾಳೆ ಬೋಗುಣಿ, ಹಳೆಯ ಅಲ್ಯೂಮಿನಿಯಂ ಕುಕ್ಕರ್, ಕಬ್ಬಿಣದ ಹಂಚು. ಗಾಜಿನ ಮೇಲೆ ಜಾಲಿ ಇಟ್ಟು ಬದನೆಕಾಯಿ ಸುಡಬಹುದು, ರೊಟ್ಟಿ ಉಬ್ಬಿಸಬಹುದು. ಪೂರ್ತಿ ಗ್ಯಾಸ್‌ನಷ್ಟು ಚೆನ್ನಾಗಿಲ್ಲ, ಇಂಡಕ್ಷನ್‌ಗಿಂತ ಎಷ್ಟೋ ಮೇಲು. ಸಾಮಾನ್ಯವಾಗಿ 2000–2200 ವ್ಯಾಟ್, ಹಾಗಾಗಿ 16 ಆಂಪ್ ಲೈನ್ ಕಡ್ಡಾಯ. ಬೆಲೆ 2,000–3,500.

ಕರೆಂಟ್ ಮಾತ್ರ ಹೆಚ್ಚು ತಿನ್ನುತ್ತದೆ. ಗಾಜು ಕಾದು, ಆಮೇಲೆ ಪಾತ್ರೆ ಕಾಯಬೇಕು. ಆಫ್ ಮಾಡಿದ ಮೇಲೂ ಗಾಜು ಹತ್ತು–ಹದಿನೈದು ನಿಮಿಷ ಸುಡುತ್ತಿರುತ್ತದೆ. ಅಡುಗೆ ಮುಗಿಯುವ ಮೂರು ನಿಮಿಷ ಮುಂಚೆಯೇ ಆಫ್ ಮಾಡುವ ಅಭ್ಯಾಸ ಮಾಡಿಕೊಂಡರೆ ಆ ಬಿಸಿ ದಂಡವಾಗುವುದಿಲ್ಲ. ಕೆಂಪು ಆರಿತೆಂದು ಮಕ್ಕಳು ಕೈ ಇಡುವ ಅಪಾಯ ಇಲ್ಲಿ ದೊಡ್ಡದು. ಬೆಲ್ಲದ ಪಾಕ ಉಕ್ಕಿದರೆ ಕೂಡಲೇ ಆಫ್ ಮಾಡಿ, ಬಿಸಿ ಇರುವಾಗಲೇ ಮರದ ಸಟ್ಟುಗದಿಂದ ಎಳೆದುಬಿಡಿ. ಆರಿದರೆ ಗಾಜಿಗೆ ಕಚ್ಚಿಕೊಂಡು ಚಕ್ಕೆ ಎಬ್ಬಿಸುತ್ತದೆ. ಮತ್ತೊಂದು: ಆಫ್ ಮಾಡಿದ ಮೇಲೂ ಒಳಗಿನ ಫ್ಯಾನ್ ತಿರುಗುತ್ತಿರುತ್ತದೆ. ಅದು ನಿಲ್ಲುವ ಮುಂಚೆ ಪ್ಲಗ್ ಕಿತ್ತರೆ ಒಳಗಿನ ಬಿಸಿ ಸರ್ಕ್ಯೂಟ್‌ನ ಆಯುಷ್ಯ ತಿನ್ನುತ್ತದೆ.

ಕಾಯಿಲ್ ಒಲೆ

500 ರೂಪಾಯಿಯಿಂದ ಸಿಗುತ್ತದೆ. ಬಿಳಿ ಮಣ್ಣಿನ ತಟ್ಟೆಯ ಕೊರೆತದಲ್ಲಿ ತೆರೆದ ಸ್ಪ್ರಿಂಗ್ ತಂತಿ ಇರುವುದನ್ನು ಬೇಡ ಎಂದೇ ಹೇಳುತ್ತೇವೆ. ಆ ತಂತಿಯಲ್ಲಿ ನೇರ 230 ವೋಲ್ಟ್ ಇರುತ್ತದೆ. ಸಾರು ಉಕ್ಕಿ ಅದರ ಮೇಲೆ ಬಿದ್ದರೆ, ಸ್ಟೀಲ್ ಸಟ್ಟುಗ ತಾಗಿದರೆ, ಪಾತ್ರೆಯೇ ಕರೆಂಟ್ ಆಗುತ್ತದೆ. ಅರ್ಥಿಂಗ್ ಇಲ್ಲದ ರೂಮುಗಳಲ್ಲೇ ಇದು ಹೆಚ್ಚು ಬಳಕೆಯಾಗುವುದು ಇನ್ನೂ ಕೆಟ್ಟದ್ದು. ಬೇಕೇ ಬೇಕೆಂದರೆ ತಂತಿ ಮುಚ್ಚಿದ, ಮೇಲೆ ಕಬ್ಬಿಣದ ದಪ್ಪ ತಟ್ಟೆ ಇರುವ, ಐಎಸ್‌ಐ ಗುರುತಿನ ಹಾಟ್‌ಪ್ಲೇಟ್ ಕೊಳ್ಳಿ. ಕಾಯಲು ಐದಾರು ನಿಮಿಷ, ಆರಲು ಅರ್ಧ ಗಂಟೆ. ಕಡಿಮೆ ವೋಲ್ಟೇಜ್‌ನಲ್ಲೂ ನಿಲ್ಲದೆ ನಡೆಯುತ್ತದೆ ಎನ್ನುವುದಷ್ಟೇ ಇದರ ಗುಣ.

ರೈಸ್ ಕುಕ್ಕರ್: ಅನ್ನದ ಮನೆಗೆ ಅಗ್ಗದ ದಾರಿ

ಗಂಗಾವತಿ, ಸಿಂಧನೂರು, ಸಿರುಗುಪ್ಪದ ಸೋನಾ ಮಸೂರಿ ಎರಡು ಹೊತ್ತೂ ಉಣ್ಣುವ ಮನೆಗಳಿಗೆ ಇದಕ್ಕಿಂತ ಸುಲಭದ್ದು ಇಲ್ಲ. ಒಂದು ಲೀಟರಿನದು ಸುಮಾರು 400 ವ್ಯಾಟ್, 1.8 ಲೀಟರಿನದು 700 ವ್ಯಾಟ್. ಎರಡೂ ಸಣ್ಣ ಸಾಕೆಟ್‌ನಲ್ಲೇ ನಡೆಯುತ್ತವೆ. ಬೆಲೆ 1,200ರಿಂದ 3,000. ಡಬ್ಬಿ ಮೇಲಿನ ಲೀಟರ್ ಲೆಕ್ಕ ನಂಬಬೇಡಿ. ಕೆಲವರು ಪಾತ್ರೆಯ ಅಳತೆ ಹೇಳುತ್ತಾರೆ, ಕೆಲವರು ಹಿಡಿಯುವ ಅಕ್ಕಿಯ ಅಳತೆ. "ಹಸಿ ಅಕ್ಕಿ ಎಷ್ಟು ಗ್ರಾಂ?" ಎಂದೇ ಕೇಳಿ.

ಇದರೊಳಗಿನ ಜಾಣತನ ಸರಳ. ನೀರಿರುವವರೆಗೂ ಪಾತ್ರೆಯ ತಳ 100 ಡಿಗ್ರಿ ದಾಟುವುದಿಲ್ಲ. ಅಕ್ಕಿ ನೀರೆಲ್ಲ ಹೀರಿದ ಕೂಡಲೇ ಬಿಸಿ ಮೇಲೇರುತ್ತದೆ. ತಳಕ್ಕೆ ಒತ್ತಿಕೊಂಡಿರುವ ಸ್ಪ್ರಿಂಗ್ ಗುಂಡಿಯೊಳಗಿನ ಅಯಸ್ಕಾಂತ ಆ ಬಿಸಿಗೆ ಹಿಡಿತ ಬಿಟ್ಟು, "ಟಕ್" ಎಂದು ಸ್ವಿಚ್ ವಾರ್ಮ್‌ಗೆ ಜಿಗಿಯುತ್ತದೆ. ಹಾಗಾಗಿ ಆ ಗುಂಡಿಗೂ ಪಾತ್ರೆಯ ತಳಕ್ಕೂ ನಡುವೆ ಒಂದು ಅಗುಳು ಸಿಕ್ಕಿಕೊಂಡರೂ ಲೆಕ್ಕ ತಪ್ಪುತ್ತದೆ: ತಳ ಸೀಯುತ್ತದೆ, ಇಲ್ಲವೇ ಅರ್ಧ ಬೆಂದಾಗಲೇ ಸ್ವಿಚ್ ಬೀಳುತ್ತದೆ. ಪಾತ್ರೆ ಇಟ್ಟು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ಕೂರಿಸಿ, ಹೊರತಳ ಒರೆಸಿಯೇ ಇಡಿ.

ಹೊಸ ಅಕ್ಕಿಗೆ ಒಂದಕ್ಕೆ ಎರಡು ನೀರು, ವರ್ಷ ಹಳೆಯದಾದರೆ ಎರಡೂವರೆ. ಅರ್ಧ ಗಂಟೆಯೊಳಗೆ ಅನ್ನ, ಸುಮಾರು 0.3 ಯೂನಿಟ್. ವಾರ್ಮ್‌ನಲ್ಲೇ ಬಿಟ್ಟು ಹೊಲಕ್ಕೋ ಕೆಲಸಕ್ಕೋ ಹೋದರೆ 40 ವ್ಯಾಟ್‌ನಂತೆ ಐದು ಗಂಟೆಗೆ ಇನ್ನೂ 0.2 ಯೂನಿಟ್ ಹೋಗುತ್ತದೆ. ಉಣ್ಣುವುದು ತಡವಾದರೆ ಪ್ಲಗ್ ತೆಗೆದು ಬಟ್ಟೆ ಸುತ್ತಿಡಿ.

ಬೇಳೆಯಲ್ಲಿ ಇದು ಸೋಲುತ್ತದೆ. ಒತ್ತಡ ಇಲ್ಲದ ಕಾರಣ ತೊಗರಿಬೇಳೆಗೆ ಮುಕ್ಕಾಲು ಗಂಟೆ. ಬೋರ್‌ವೆಲ್ ನೀರಿನ ಸುಣ್ಣದಂಶ ಬೇಳೆಯ ತಿರುಳನ್ನು ಬಿಗಿ ಮಾಡುವುದರಿಂದ ಒಂದು ಗಂಟೆಯಾದರೂ ಕಾಳು ಕಾಳಾಗಿ ನಿಲ್ಲುವುದುಂಟು. ಬೇಳೆ ಅರ್ಧ ಗಂಟೆ ನೆನೆಸಿ, ಫಿಲ್ಟರ್ ನೀರಲ್ಲೇ ಬೇಯಿಸಿ, ಉಪ್ಪು, ಹುಳಿ ಕೊನೆಗೆ ಹಾಕಿ. ಇಷ್ಟೆಲ್ಲ ಯಾರು ಮಾಡುತ್ತಾರೆ ಎನ್ನುವವರಿಗೆ ಮುಂದಿನದು.

ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರ್

ಮೂರು ಲೀಟರಿನದು ಸುಮಾರು 700 ವ್ಯಾಟ್, ಐದು–ಆರು ಲೀಟರಿನದು 1000. ಬೆಲೆ 3,500ರಿಂದ 8,000, ಈ ಪಟ್ಟಿಯಲ್ಲೇ ದುಬಾರಿ. ಆದರೆ ಕರೆಂಟ್ ಕಡಿಮೆ ತಿನ್ನುವುದೂ ಇದೇ. ಮೈಗೆಲ್ಲ ಶಾಖ ತಡೆಯುವ ಹೊದಿಕೆ, ಹಬೆ ಹೊರಗೆ ಬಿಡುವುದಿಲ್ಲ. ಒತ್ತಡ ಏರಿದ ಮೇಲೆ ಆಗಾಗ ಮಾತ್ರ ಕರೆಂಟ್ ಎಳೆಯುತ್ತದೆ. ನಾಲ್ಕು ಜನರ ಬೇಳೆ ಕಾಲು ಯೂನಿಟ್‌ನಲ್ಲಿ ಮುಗಿಯುತ್ತದೆ.

ಒತ್ತಡ ಮಾಮೂಲಿ ಕುಕ್ಕರ್‌ಗಿಂತ ಸ್ವಲ್ಪ ಕಡಿಮೆ, ಒಳಗಿನ ಬಿಸಿ 115 ಡಿಗ್ರಿಯ ಆಸುಪಾಸು. ಗ್ಯಾಸ್ ಮೇಲೆ ಹತ್ತು ನಿಮಿಷ ಬೇಕಾದದ್ದಕ್ಕೆ ಇಲ್ಲಿ ಹನ್ನೆರಡು–ಹದಿಮೂರು ಇಡಿ. ಸೀಟಿ ಹೊಡೆಯುವುದಿಲ್ಲ, ಸೀಟಿ ಕೇಳಿಯೇ ಸಮಾಧಾನ ಪಡುವ ಹಿರಿಯರಿಗೆ ಮೊದಲ ವಾರ ಕಷ್ಟ. ನೀರು ಆವಿಯಾಗಿ ಹೋಗದ ಕಾರಣ ಅನ್ನಕ್ಕೆ ಒಂದಕ್ಕೆ ಒಂದೂವರೆ ನೀರು ಸಾಕು. ನಮ್ಮೂರುಗಳ ಮಟ್ಟಿಗೆ ಇದರ ದೊಡ್ಡ ಗುಣ ಬೇರೆಯೇ: ಒತ್ತಡ ಏರಿದ ಮೇಲೆ ಕರೆಂಟ್ ಹೋದರೂ ಒಳಗಿನ ಬಿಸಿಯಲ್ಲೇ ಬೇಯುವುದು ಮುಂದುವರಿಯುತ್ತದೆ. ವೋಲ್ಟೇಜ್ ಇಳಿದರೆ ಒತ್ತಡ ಏರಲು ಐದಾರು ನಿಮಿಷ ಹೆಚ್ಚು, ಅಷ್ಟೇ. ಕರೆಂಟ್ ಮರಳಿ ಬಂದಾಗ ಬಿಟ್ಟಲ್ಲಿಂದಲೇ ಶುರು ಮಾಡುವ ಮಾದರಿಯೋ, ಮತ್ತೆ ಒತ್ತಬೇಕೋ ಎಂದು ಅಂಗಡಿಯಲ್ಲೇ ಪ್ಲಗ್ ಕಿತ್ತು ಹಾಕಿ ನೋಡಿ.

ಹಬೆ ಸೋರಿ ಒತ್ತಡವೇ ಏರದಿದ್ದರೆ ಮುಚ್ಚಳದ ಸಿಲಿಕಾನ್ ರಬ್ಬರ್ ಅಥವಾ ಮೇಲೆ ಕೆಳಗೆ ಆಡುವ ಸಣ್ಣ ಪಿನ್ ನೋಡಿ. ಬೇಳೆಯ ನೊರೆ ಅಲ್ಲಿ ಒಣಗಿ ಕಚ್ಚಿರುತ್ತದೆ. ಬೇಳೆಗೆ ಒಂದು ಚಮಚ ಎಣ್ಣೆ ಹಾಕಿ, ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಒಳಪಾತ್ರೆ ಸ್ಟೀಲ್‌ನದ್ದನ್ನೇ ಆರಿಸಿ. ಕಪ್ಪು ಲೇಪದ್ದು ಸ್ಟೀಲ್ ಸಟ್ಟುಗಕ್ಕೆ ವರ್ಷ ತಡೆಯುವುದಿಲ್ಲ. ಹೆಚ್ಚುವರಿ ರಬ್ಬರ್ ಊರಲ್ಲೇ ಸಿಗುವ ಕಂಪನಿಯದ್ದಾದರೆ ಮಾತ್ರ ಕೊಳ್ಳಿ.

ಬಿಲ್ ಮತ್ತು ಗೃಹಜ್ಯೋತಿ

14.2 ಕಿಲೋ ಸಿಲಿಂಡರ್‌ನಲ್ಲಿರುವ ಶಾಖ ಸುಮಾರು 180 ಯೂನಿಟ್‌ಗೆ ಸಮ. ಗ್ಯಾಸ್ ಒಲೆಯಲ್ಲಿ ಅಡುಗೆಗೆ ಸೇರುವುದು 108ರಷ್ಟು. ಅಷ್ಟೇ ಅಡುಗೆಗೆ ಇಂಡಕ್ಷನ್‌ನಲ್ಲಿ 125–130 ಯೂನಿಟ್ ಬೇಕು, ಕಾಯಿಲ್‌ನಲ್ಲಿ 165ರ ಸುತ್ತ. ತೆರಿಗೆ, ಸರ್‌ಚಾರ್ಜ್ ಸೇರಿ ಯೂನಿಟ್‌ಗೆ 6.50ರಿಂದ 7 ರೂಪಾಯಿ ಹಿಡಿದರೆ ಇಂಡಕ್ಷನ್‌ಗೆ 815ರಿಂದ 910, ಕಾಯಿಲ್‌ಗೆ 1,070ರಿಂದ 1,155. ಸಿಲಿಂಡರ್ ಬೆಲೆ 850–900 ಇದ್ದರೆ ಇಂಡಕ್ಷನ್ ಮತ್ತು ಗ್ಯಾಸ್ ಸರಿಸಮ. ಉಜ್ವಲದ 300 ರೂಪಾಯಿ ಸಬ್ಸಿಡಿ ಬರುವ ಮನೆಗೆ ಗ್ಯಾಸೇ ಅಗ್ಗ. ಇಂಡಕ್ಷನ್ ಕೊಂಡರೆ ಅರ್ಧಕ್ಕರ್ಧ ಉಳಿತಾಯ ಎನ್ನುವ ಜಾಹೀರಾತನ್ನು ನಂಬಬೇಡಿ.

ಗೃಹಜ್ಯೋತಿ ಇದ್ದರೆ ಎಲ್ಲ ಪುಕ್ಕಟೆ ಎಂದುಕೊಳ್ಳುವುದು ಇನ್ನೊಂದು ತಪ್ಪು. ನಿಮಗೆ ಉಚಿತ ಇರುವುದು 200 ಯೂನಿಟ್ ಅಲ್ಲ. 2022–23ರ ನಿಮ್ಮ ತಿಂಗಳ ಸರಾಸರಿ ಮತ್ತು ಅದರ ಮೇಲೆ 10 ಶೇಕಡಾ (ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದರೆ 10 ಯೂನಿಟ್). ಸರಾಸರಿ 70 ಇದ್ದ ಮನೆಗೆ 77. ಒಲೆಯಿಂದ ಬಳಕೆ 120ಕ್ಕೆ ಏರಿದರೆ ಮೇಲಿನ 43 ಯೂನಿಟ್‌ಗೆ ಹಣ ಕಟ್ಟಬೇಕು. ಆ ಬಿಲ್ ಸಹಿಸಬಹುದು. ಅಪಾಯ ಇರುವುದು 150–160 ಯೂನಿಟ್ ಬಳಸುವ ಮನೆಗಳಿಗೆ. ಬೇಸಿಗೆಯಲ್ಲಿ ಕೂಲರ್, ಫ್ರಿಜ್ ಜತೆ ಒಲೆಯೂ ಸೇರಿ 201 ಆಯಿತೆಂದರೆ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ. ಇಂಥವರು ಮಾರ್ಚ್‌ನಿಂದ ಜೂನ್‌ವರೆಗೆ ಒಲೆಯನ್ನು ಚಹಾ, ಹಾಲಿಗಷ್ಟೇ ಇಟ್ಟುಕೊಂಡು, ಜೆಸ್ಕಾಂ ಮೀಟರ್‌ನ ಅಂಕಿಯನ್ನು ತಿಂಗಳ ನಡುವೆ ಒಮ್ಮೆ ನೋಡುವುದು ಒಳ್ಳೆಯದು.

ಒಲೆ ಎಷ್ಟು ತಿನ್ನುತ್ತದೆಂದು ಮೀಟರ್‌ನಲ್ಲೇ ಅಳೆಯಬಹುದು. ಮೀಟರ್ ಮೇಲೆ ಮಿನುಗುವ ಕೆಂಪು ದೀಪದ ಪಕ್ಕ 3200 ಅಥವಾ 1600 ಎಂದು ಬರೆದಿರುತ್ತದೆ: ಒಂದು ಯೂನಿಟ್‌ಗೆ ಅಷ್ಟು ಮಿನುಗು. ಮನೆಯ ಉಳಿದದ್ದೆಲ್ಲ ಆಫ್ ಮಾಡಿ, ಒಲೆಯೊಂದನ್ನೇ 1000ಕ್ಕೆ ಇಟ್ಟು ಒಂದು ನಿಮಿಷ ಎಣಿಸಿ. 3200ರ ಮೀಟರ್‌ನಲ್ಲಿ 53ರ ಹತ್ತಿರ ಬಂದರೆ ಒಲೆ ತೋರಿಸುವ ವ್ಯಾಟ್ ನಿಜ. 35–40 ಬಂದರೆ ಫಲಕದ ಅಂಕಿ ಬರೀ ಅಲಂಕಾರ.

ಹಾಗಾದರೆ ಯಾರಿಗೆ ಯಾವುದು

ರಾಯಚೂರು, ಬಳ್ಳಾರಿಯಲ್ಲಿ ರೂಮು ಮಾಡಿಕೊಂಡು ಓದುವ ಹುಡುಗರಿಗೆ, ತೋರಣಗಲ್ಲಿನ ಕಾರ್ಖಾನೆಗಳಲ್ಲಿ ಶಿಫ್ಟ್ ಕೆಲಸ ಮಾಡುವವರಿಗೆ 1200 ವ್ಯಾಟ್ ಇಂಡಕ್ಷನ್, ಜತೆಗೆ ಸ್ಟೀಲ್ ತಳದ ಮೂರು ಲೀಟರ್ ಕುಕ್ಕರ್, ಒಂದು ದಪ್ಪ ತಳದ ಬೋಗುಣಿ. ಒಟ್ಟು 4,000ದೊಳಗೆ ಮುಗಿಯುತ್ತದೆ. ಸಂಜೆ ವೋಲ್ಟೇಜ್ ಬೀಳುವ ಹಳ್ಳಿಮನೆಗೆ ಗ್ಯಾಸ್ ಜತೆ 1.8 ಲೀಟರ್ ರೈಸ್ ಕುಕ್ಕರ್. ಹಣ ಸ್ವಲ್ಪ ಹಾಕಬಲ್ಲ, ಇಬ್ಬರೂ ದುಡಿಯಲು ಹೋಗುವ ಮನೆಗೆ ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರ್. ನಮ್ಮ ಒಲವು ಇದರ ಕಡೆಗೇ. ಗ್ಯಾಸ್ ಸಂಪರ್ಕವೇ ಇಲ್ಲದೆ ರೊಟ್ಟಿಯೂ ಬೇಕು, ಮನೆ ತುಂಬ ಹಳೆಯ ಪಾತ್ರೆ ಇವೆ ಎನ್ನುವವರಿಗೆ ಮಾತ್ರ ಇನ್‌ಫ್ರಾರೆಡ್, ಅದೂ ವೈರಿಂಗ್ ಗಟ್ಟಿ ಇದ್ದರೆ.

ಐಎಸ್‌ಐ ಗುರುತು, ಜಿಎಸ್‌ಟಿ ಬಿಲ್, ತಾರೀಖು ಹಾಕಿ ಸೀಲ್ ಒತ್ತಿದ ವಾರಂಟಿ ಕಾರ್ಡ್ ಇಲ್ಲದೆ ಅಂಗಡಿ ಬಿಡಬೇಡಿ. ಸರ್ವಿಸ್ ಸೆಂಟರ್ ನಿಮ್ಮ ಜಿಲ್ಲೆಯಲ್ಲೇ ಇದೆಯೋ, ದೂರದ ಊರಿಗೆ ಕಳಿಸಿ ಹದಿನೈದು ದಿನ ಕಾಯಬೇಕೋ ಕೇಳಿ. ಮನೆಗೆ ತಂದ ದಿನವೇ ದೊಡ್ಡ ಪಾತ್ರೆ ತುಂಬ ನೀರಿಟ್ಟು ಪೂರ್ತಿ ವ್ಯಾಟ್‌ನಲ್ಲಿ ಅರ್ಧ ಗಂಟೆ ಓಡಿಸಿ. ಆಮೇಲೆ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು ಅದರ ಮೂರು ಕಡ್ಡಿ ಮುಟ್ಟಿ. ಬೆಚ್ಚಗಿದ್ದರೆ ಸರಿ. ಬೆರಳು ಇಡಲಾಗದಷ್ಟು ಸುಡುತ್ತಿದ್ದರೆ ತಪ್ಪು ಸಾಕೆಟ್‌ನದ್ದು. ಹೊಸ ಸಾಕೆಟ್ ಹಾಕಿಸುವವರೆಗೂ ಒಲೆ ಡಬ್ಬಿಯಲ್ಲೇ ಇರಲಿ.